ಟಿಎಲ್‌ಡಿ ಬ್ಯಾಡ್ಜ್ ಒಳಗಿರೋ ಬಿಳಿ ಬಿಲ್ಲೆ ಮೂರು ತಿಂಗಳ ಲೆಕ್ಕ ಹೆಂಗ್ ಇಟ್ಕೊಳ್ಳುತ್ತೆ?

ಎಕ್ಸ್‌ರೇ_ದಾವಣಗೆರೆ:
ನಮಸ್ಕಾರ ಎಲ್ರಿಗೂ. ಆರು ವರ್ಷದಿಂದ ಎಕ್ಸ್‌ರೇ ರೂಮಲ್ಲಿ ಕೆಲಸ, ದಿನಾ ಏಪ್ರನ್ ಒಳಗೆ ಎದೆ ಹತ್ರ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಎಷ್ಟು ವಿಕಿರಣ ಬಿತ್ತು ಅಂತ ಅಳೆಯೋದು) ಹಾಕ್ಕೊಳ್ತೀನಿ, ಮೂರು ತಿಂಗಳಿಗೊಂದ್ಸಲ ಅದರೊಳಗಿನ ಕಾರ್ಡ್ ಲ್ಯಾಬಿಗೆ ಹೋಗುತ್ತೆ, ಇಷ್ಟು ಮಿಲಿಸೀವರ್ಟ್ (ವಿಕಿರಣದ ಡೋಸ್ ಅಳೆಯೋ ಮಾನ) ಅಂತ ರಿಪೋರ್ಟ್ ಬರುತ್ತೆ. ಮೊನ್ನೆ ಒಂದು ಕಾರ್ಡಿನ ಪೇಪರ್ ಕವರ್ ಹರಿದಿತ್ತು, ನೋಡಿದ್ರೆ ಒಳಗೆ ಬ್ಯಾಟರಿ ಇಲ್ಲ ಚಿಪ್ ಇಲ್ಲ, ಪ್ಲೇಟಿಗೆ ಸಿಕ್ಕಿಸಿರೋ ಮೂರು ಬಿಳಿ ಬಿಲ್ಲೆ ಅಷ್ಟೇ, ರೂಪಾಯಿ ನಾಣ್ಯಕ್ಕಿಂತ ಸಣ್ಣದು. ಇದು ಲೆಕ್ಕ ಬರ್ಕೊಳ್ಳೋದು ಎಲ್ಲಿ?

ಫಿಸಿಕ್ಸ್_ಮೇಷ್ಟ್ರು:
ಒಳ್ಳೆ ಪ್ರಶ್ನೆ ಕೇಳಿದ್ರಿ. ಆ ಬಿಲ್ಲೆ ಟೆಫ್ಲಾನ್ ಜೊತೆ ಕ್ಯಾಲ್ಸಿಯಂ ಸಲ್ಫೇಟ್ ಪುಡಿ ಸೇರಿಸಿ ಮಾಡಿದ್ದು, ನಿಮ್ಮ ಪಕ್ಕದ ರೂಮಲ್ಲಿ ಮೂಳೆ ಮುರಿದೋರಿಗೆ ಹಾಕೋ ಪ್ಲಾಸ್ಟರ್ ಇದ್ಯಲ್ಲ ಅದೇ ವಂಶ, ಇದರಲ್ಲಿ ನೀರಿನ ಅಂಶ ಇರಲ್ಲ ಅಷ್ಟೇ. ಇದಕ್ಕೆ ಚೂರೇ ಚೂರು ಡಿಸ್ಪ್ರೋಸಿಯಂ ಅನ್ನೋ ಲೋಹ ಬೆರೆಸ್ತಾರೆ. ಕ್ಯಾಲ್ಸಿಯಂ ಇರಬೇಕಾದ ಜಾಗದಲ್ಲಿ ಇದು ಹೋಗಿ ಕೂತ್ಕೊಳ್ಳುತ್ತೆ, ಆದ್ರೆ ಕ್ಯಾಲ್ಸಿಯಂಗೆ ಎರಡು ಪ್ಲಸ್ ಚಾರ್ಜ್, ಇದಕ್ಕೆ ಮೂರು, ಲೆಕ್ಕ ತಪ್ಪುತ್ತೆ, ಅದನ್ನ ಸರಿದೂಗಿಸೋಕೆ ಹರಳೊಳಗೆ ಅಲ್ಲಲ್ಲಿ ಖಾಲಿ ಜಾಗ, ಊನ ಹುಟ್ಕೊಳ್ಳುತ್ತೆ. ಎಕ್ಸ್‌ರೇ ಬಿದ್ದಾಗ ಎಲೆಕ್ಟ್ರಾನ್‌ಗಳು ಕಿತ್ಕೊಂಡು ಓಡ್ತವೆ, ಬಹಳಷ್ಟು ವಾಪಸ್ ಬರ್ತವೆ, ಕೆಲವು ಮಾತ್ರ ಈ ಊನದ ಗುಂಡಿಗಳಲ್ಲಿ ಸಿಕ್ಕಾಕ್ಕೊಂಡು ಹತ್ತಲಾರದೆ ಅಲ್ಲೇ ತಿಂಗಳುಗಟ್ಟಲೆ ಇರ್ತವೆ. ಅದೇ ನಿಮ್ಮ ಲೆಕ್ಕದ ಪುಸ್ತಕ. ಊನನೇ ಇಲ್ಲದ ಹರಳಾಗಿದ್ರೆ ಒಂದೂ ನೆನಪಿರ್ತಿರಲಿಲ್ಲ!

ಲ್ಯಾಬಲ್ಲಿ ಬಿಸಿ ನೈಟ್ರೋಜನ್ ಊದಿ ಕಾಯಿಸ್ತಾರೆ, 220 ಡಿಗ್ರಿ ಆಸುಪಾಸಲ್ಲಿ ಎಲೆಕ್ಟ್ರಾನ್ ಗುಂಡಿಯಿಂದ ಎದ್ದು ಬರುತ್ತೆ, ಬಂದು ಸೇರುವಾಗ ಬಿಟ್ಟ ಶಕ್ತಿ ಡಿಸ್ಪ್ರೋಸಿಯಂಗೆ ಸಿಕ್ಕಿ ಅದು ನೀಲಿ, ಹಳದಿ ಬೆಳಕು ಕೊಡುತ್ತೆ. ತೀರಾ ಮಂದ ಬೆಳಕು, ಫೋಟೋಮಲ್ಟಿಪ್ಲೈಯರ್ (ಮಂದ ಬೆಳಕನ್ನೂ ಹಿಡಿಯೋ ಸಾಧನ) ಇಟ್ಟು ಅಳೀತಾರೆ. ಬೆಳಕು ಜಾಸ್ತಿ ಬಂತು ಅಂದ್ರೆ ಡೋಸ್ ಜಾಸ್ತಿ.

ಎಕ್ಸ್‌ರೇ_ದಾವಣಗೆರೆ:
ಅಬ್ಬಾ, ಆರು ವರ್ಷಕ್ಕೆ ಈಗ ಅರ್ಥ ಆಯ್ತು ಸಾರ್. ಡೌಟ್ ಬಂದ್ರೆ ಅದೇ ಬಿಲ್ಲೆ ಇನ್ನೊಂದ್ಸಲ ಓದ್ಬೋದಾ? ಮತ್ತೆ ಮೂರು ಯಾಕೆ?

ಫಿಸಿಕ್ಸ್_ಮೇಷ್ಟ್ರು:
ಕಾಯಿಸಿದ ಮೇಲೆ ಗುಂಡಿ ಬಹುತೇಕ ಖಾಲಿ, ಎರಡನೇ ಸಲ ಮೊದಲಿನಷ್ಟು ಬೆಳಕು ಬರಲ್ಲ. ಅದಕ್ಕೇ ಅದೇ ಕಾರ್ಡ್ ಮತ್ತೆ ಉಪಯೋಗಕ್ಕೆ ಬರೋದು. ಇನ್ನು ಮೂರು ಯಾಕೆ ಅಂದ್ರೆ, ಹೋಲ್ಡರಲ್ಲಿ ಒಂದು ಬಿಲ್ಲೆ ಮೇಲೆ ತಾಮ್ರ ಅಲ್ಯೂಮಿನಿಯಂ ಫಿಲ್ಟರ್, ಒಂದಕ್ಕೆ ಪ್ಲಾಸ್ಟಿಕ್, ಒಂದು ಓಪನ್, ಮೂರರ ಬೆಳಕು ಹೋಲಿಸಿ ಬಿದ್ದಿದ್ದು ಎಕ್ಸ್‌ರೇನಾ ಗಾಮಾನಾ ಬೀಟಾನಾ ಅಂತ ಹೇಳ್ತಾರೆ. ಕಾರ್ಡ್ ಉಲ್ಟಾ ಹಾಕಿದ್ರೆ ಇದೆಲ್ಲ ಕೆಡುತ್ತೆ.

ಧಾರವಾಡ_ರೇಡಿಯೋ:
ನಂದೊಂದು ಮಾತ್ ಕೇಳ್ರಿ ಅಣ್ಣಾರ. ನಮ್ಮ ಕಡೆ ಒಬ್ಬ ಹುಡುಗ ಡ್ಯೂಟಿ ಮುಗಿಸಿ ಏಪ್ರನ್ ಬ್ಯಾಡ್ಜ್ ಸಮೇತ ಎಕ್ಸ್‌ರೇ ರೂಮಿನಾಗ ನೇತುಹಾಕಿ ಮನಿಗೆ ಹೋಗ್ತಿದ್ದ, ರಾತ್ರಿ ಎಲ್ಲಾ ಕೇಸಿನ ಡೋಸೂ ಅವನ ಲೆಕ್ಕಕ್ಕ ಬಿತ್ತು. ರಿಪೋರ್ಟ್ ಬಂದ ದಿನ ಅವನ ಮಾರಿ ನೋಡಾಕ ಆಗ್ಲಿಲ್ಲ, ಮದುವಿ ಆಗಿ ಎರಡ ತಿಂಗಳಾಗಿತ್ತು, ರಕ್ತ ಪರೀಕ್ಷಾ ಮಾಡ್ಸಿದ್ರು, ಉತ್ತರ ಬರ್ದ ಕೊಡ್ಬೇಕಾತು. ವರ್ಷಕ್ಕ 30 ಮಿಲಿಸೀವರ್ಟ್ ದಾಟಂಗಿಲ್ಲ, ಐದು ವರ್ಷದ ಸರಾಸರಿ 20 ಅಂತ ನಿಯಮ ಐತಿ. ಆ ಬಿಲ್ಲಿಗೆ ನೀವ್ ಹಾಕ್ಕೊಂಡೀರೋ ಗೂಟಕ್ಕ ತೂಗಹಾಕೀರೋ ಗೊತ್ತಾಗಂಗಿಲ್ಲ. ಸಂಜಿಕೆ ಹೊರಗ, ಕಂಟ್ರೋಲ್ ಕಾರ್ಡ್ (ಯಾರೂ ಹಾಕ್ಕೊಳ್ದ, ಹೋಲಿಸಾಕಂತ ಎಕ್ಸ್‌ರೇ ಬೀಳ್ದ ಜಾಗಾದಾಗ ಇಡೋ ಕಾರ್ಡ್) ಇಟ್ಟಲ್ಲೇ ಇಡ್ರಿ.

ಎಕ್ಸ್‌ರೇ_ದಾವಣಗೆರೆ:
ನಮ್ಮ ರೂಮಲ್ಲೂ ಗೂಟಕ್ಕೇ ನೇತಾಕ್ತೀವಿ ಅಣ್ಣ. ಇವತ್ತೇ ತೆಗೆದು ಆಫೀಸ್ ಡ್ರಾಯರಿಗೆ ಹಾಕಿಸ್ತೀನಿ.