ಲಿಸ್ಬನ್‌ನ ಬೆಲೆಂ ಗೋಪುರ: ಮಂಡಿನೋವಿರುವ ತಾಯಿಯವರೊಂದಿಗೆ ಹೋಗಬಹುದೇ?

ಪ್ರಶ್ನೆ:
ಮುಂದಿನ ತಿಂಗಳು ತಾಯಿಯವರೊಂದಿಗೆ ಪೋರ್ಚುಗಲ್‌ಗೆ ಹೋಗುವವಳಿದ್ದೇನೆ. ಟೇಗಸ್ ನದಿಯ ದಡದಲ್ಲಿರುವ ಬೆಲೆಂ ಗೋಪುರವನ್ನು ನೋಡಲೇಬೇಕೆಂಬ ಆಸೆ ಅವರದು. ಆದರೆ ಮಂಡಿನೋವಿನಿಂದಾಗಿ ಅವರಿಗೆ ಹೆಚ್ಚು ಮೆಟ್ಟಿಲು ಹತ್ತಲಾಗುವುದಿಲ್ಲ. ತುದಿಯವರೆಗೆ ಹೋಗದಿದ್ದರೆ ಭೇಟಿ ವ್ಯರ್ಥವಾದೀತೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಖಂಡಿತ ವ್ಯರ್ಥವಾಗದು, ಮೇಡಂ. ಕಿರುಸೇತುವೆ ದಾಟಿ ಒಳಹೊಕ್ಕರೆ ಮೊದಲು ಸಿಗುವುದು ಫಿರಂಗಿಗಳ ಅಂಕಣ. ಅದರ ದಪ್ಪ ಗೋಡೆಯಲ್ಲಿ ನದಿಯತ್ತ ತೆರೆದ 17 ಕಿಂಡಿಗಳಿವೆ. ಅಲ್ಲಿಂದ ಬುರುಜಿನ ಮೇಲ್ಭಾಗಕ್ಕೆ ಏರುವುದು ಅಷ್ಟೇನೂ ಪ್ರಯಾಸವಲ್ಲ. ಕಷ್ಟವಿರುವುದು ಅದರಾಚೆಗೆ. ಮೇಲಿನ ಅಂತಸ್ತುಗಳಿಗೆಲ್ಲ ಇಕ್ಕಟ್ಟಾದ ಒಂದೇ ಸುರುಳಿ ಮೆಟ್ಟಿಲಿದ್ದು, ಹತ್ತುವವರೂ ಇಳಿಯುವವರೂ ಅದನ್ನೇ ಬಳಸಬೇಕಾದ್ದರಿಂದ ಸರದಿಯಂತೆ ಬಿಡುತ್ತಾರೆ. ನಡುವೆ ನಿಂತು ಸುಧಾರಿಸಿಕೊಳ್ಳುವುದು ಸುಲಭವಲ್ಲ. ತಾಯಿಯವರು ಬುರುಜಿನ ಮೇಲೆಯೇ ಇರಲಿ, ತಾವೊಬ್ಬರೇ ಹತ್ತಿ ಬನ್ನಿ. ದುರಸ್ತಿಗಾಗಿ 2025ರಲ್ಲಿ ಗೋಪುರವನ್ನು ಮುಚ್ಚಿದ್ದರು. ಆದ್ದರಿಂದ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಉತ್ತರ 2:
ಈ ಗೋಪುರದ ಸೊಗಸು ಒಳಗಿಗಿಂತ ಹೊರಗೇ ಹೆಚ್ಚೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದನೇ ಮ್ಯಾನುಯೆಲ್ ದೊರೆಗಾಗಿ ಫ್ರಾನ್ಸಿಸ್ಕೊ ದೆ ಅರುಡಾ 1514ರ ಸುಮಾರಿಗೆ ಕಟ್ಟಲಾರಂಭಿಸಿದ ಇದರ ಬಿಳಿಯ ಸುಣ್ಣಕಲ್ಲಿನ ಮೈಗೆ, ಹಡಗಿನ ಹಗ್ಗವನ್ನು ಸುತ್ತಿ ಗಂಟುಹಾಕಿದಂತೆ ಕೆತ್ತನೆ ಮಾಡಿದ್ದಾರೆ. ವಾಯವ್ಯ ದಿಕ್ಕಿನ ಕಾವಲುಗೂಡಿನ ಬುಡವನ್ನು ತಪ್ಪದೆ ನೋಡಿ: ಅಲ್ಲೊಂದು ಖಡ್ಗಮೃಗದ ತಲೆಯಿದೆ. ಮೂಗು, ಕೊಂಬು ಸವೆದುಹೋಗಿರುವುದರಿಂದ ಹುಡುಕದೆ ಕಣ್ಣಿಗೆ ಬೀಳುವುದಿಲ್ಲ. ಗುಜರಾತಿನ ಸುಲ್ತಾನ ಎರಡನೇ ಮುಜಫರ್ ಷಾ, ಭಾರತದಲ್ಲಿದ್ದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಕಳುಹಿಸಿದ್ದ ಖಡ್ಗಮೃಗವು, ಆತನಿಂದ ದೊರೆಗೆ ಕಾಣಿಕೆಯಾಗಿ 1515ರ ಮೇ ತಿಂಗಳಲ್ಲಿ, ಗೋಪುರವಿನ್ನೂ ಏಳುತ್ತಿದ್ದಾಗಲೇ ಲಿಸ್ಬನ್‌ಗೆ ಬಂದಿಳಿಯಿತು. ಮರುವರ್ಷ ಅದನ್ನು ಪೋಪ್‌ಗೆ ಉಡುಗೊರೆಯಾಗಿ ಸಾಗಿಸುವಾಗ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿ, ಸರಪಳಿ ಬಿಗಿದಿದ್ದ ಆ ಮೂಕಪ್ರಾಣಿ ಸತ್ತಿತು. ಅರಮನೆಗಳ ವೈಭವಕ್ಕಾಗಿ ಅಷ್ಟು ದೂರ ಸಾಗಿಸಿದ ಜೀವದ ಗುರುತೆಂದು ನೋಡಿದಾಗ ನನಗೆ ಬಹಳ ಸಂಕಟವಾಯಿತು. ಇಳಿತದ ಹೊತ್ತಿಗೆ ಹೋದರೆ ನೀರು ಹಿಂದೆ ಸರಿದು ಗೋಪುರವನ್ನು ಹತ್ತಿರದಿಂದ ನೋಡಬಹುದು.

ಉತ್ತರ 3:
ನಡುಹೊಳೆಯಲ್ಲಿದ್ದ ಗೋಪುರ 1755ರ ಭೂಕಂಪದಿಂದ ನದಿ ದಿಕ್ಕು ಬದಲಿಸಿದ ಮೇಲೆ ದಡ ಸೇರಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದನ್ನು ಕಟ್ಟಿದ್ದೇ ಉತ್ತರ ದಡದ ಸಮೀಪದ ಬಂಡೆಯ ಮೇಲೆ. ಕಾಲಕ್ರಮದಲ್ಲಿ ದಡವೇ ಅದರತ್ತ ಸರಿದಿದೆ. ತಾಯಿಯವರಿಗೆ ದಣಿವಾಗದಿದ್ದರೆ, ವಾಸ್ಕೋ ಡ ಗಾಮನ ಸಮಾಧಿಯಿರುವ ಜೆರೋನಿಮೋಸ್ ಮಠವೂ ಸುಮಾರು ಒಂದು ಕಿಲೋಮೀಟರ್ ದೂರದಲ್ಲೇ ಇದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಇಳಿತದ ವೇಳೆಯನ್ನು ನೋಡಿಕೊಂಡೇ ದಿನ ಗೊತ್ತುಮಾಡುತ್ತೇನೆ.