ಅಪ್‌ಡೇಟ್: ಸ್ಪ್ರಿಂಗ್ ಕಡಿಮೆ ಮಾಡಿದ ಮೇಲೆ ಊಫರ್ ಸುಮ್ಮನಾಯಿತು

ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಕೆಳಗೆ ಸ್ಪ್ರಿಂಗ್ ಪಾದ ಇಟ್ಟ ಮೇಲೆ ಗುಂಯ್ ಸದ್ದು ಹೋಯಿತು, ಆದರೆ ಊಫರ್ (ತಗ್ಗು ಸದ್ದಿನ ಸ್ಪೀಕರ್) ಕೋನ್ ಸುಮ್ನೆ ಒಳಗೂ ಹೊರಗೂ ತೂಗಾಡುತ್ತೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ತಪ್ಪು ನನ್ನದೇ. ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಪ್ರತಿ ಪಾದಕ್ಕೂ ಏಳು ಸ್ಪ್ರಿಂಗ್ ತುಂಬಿದ್ದೆ. ನೀವು ಹೇಳಿದಂತೆ ಸ್ಕೇಲ್ ಹಿಡಿದು ಅಳೆದರೆ, ಭಾರಕ್ಕೆ ಕುಗ್ಗಿದ್ದು ಬರೀ 4 ಮಿ.ಮೀ. ಅಷ್ಟು ಕುಗ್ಗಿದರೆ ಸ್ಪ್ರಿಂಗ್ ತಾನೇ ಸುಮಾರು 8 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 8 ಸಲ, ಕುಣಿಯುತ್ತದೆ. ಟೋನ್‌ಆರ್ಮ್ (ಸೂಜಿಯ ತೋಳು), ಕಾರ್ಟ್ರಿಡ್ಜ್ (ಅದರ ತುದಿಯಲ್ಲಿ ಸೂಜಿ ಇರುವ ತುಣುಕು) ಜೋಡಿ ಕುಣಿಯುವುದೂ ಸಾಮಾನ್ಯವಾಗಿ 8ರಿಂದ 12 ಹರ್ಟ್ಜ್‌ನಲ್ಲೇ. ಇಬ್ಬರೂ ಸೇರಿ ಕುಣಿದರೆ ಇನ್ನೇನಾಗುತ್ತೆ!

ಈಗ ಮೂರೇ ಸ್ಪ್ರಿಂಗ್. 9 ಮಿ.ಮೀ. ಕುಗ್ಗಿದೆ, ಅಂದರೆ 5 ಹರ್ಟ್ಜ್ ಆಸುಪಾಸು, ಟೋನ್‌ಆರ್ಮ್ ಕುಣಿತಕ್ಕಿಂತ ಕೆಳಗೆ. ಮೋಟಾರ್ ಕಡೆ ಭಾರ ಹೆಚ್ಚು, ಅಲ್ಲಿಗೆ ನಾಲ್ಕು ಹಾಕಿದ ಮೇಲೆ ಲೆವೆಲ್‌ನ ಗುಳ್ಳೆ ನಡುವೆ ನಿಂತಿತು. ಸೂಜಿ ಇಳಿಸಿ, ಹಾಡು ಶುರುವಾಗುವ ಮೊದಲಿನ ಖಾಲಿ ಗೆರೆಯಲ್ಲಿ ಕೋನ್ ಮೇಲೆ ಟಾರ್ಚ್ ಬಿಟ್ಟೆ. ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ.

ಜೋರಾಗಿ ನಡೆದರೆ ಮಾತ್ರ ಸೂಜಿ ಈಗಲೂ ಹಾರುತ್ತೆ. ಮರದ ನೆಲ ಅಲ್ವಾ, ಹೆಜ್ಜೆಗೆ ಅದೂ ನಿಧಾನವಾಗಿ ತೂಗುತ್ತೆ, ಸ್ಪ್ರಿಂಗ್ ಅದನ್ನು ತಡೆಯಲ್ಲ. ಗೋಡೆಗೆ ಶೆಲ್ಫ್ ಹೊಡೆಯಬೇಕು. ಈ ಸ್ಪ್ರಿಂಗ್ ಪಾದಗಳನ್ನು ಆಂಪ್ಲಿಫೈಯರ್ ಕೆಳಗೂ ಇಟ್ಟು ನೋಡಿದೆ. ನನ್ನ ಕಿವಿಗೆ ಏನೂ ಗೊತ್ತಾಗಲಿಲ್ಲ, ತೆಗೆದೆ.