ಮರದ ಭಾರ ಹೊರುವ ಕೊಂಬೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಶ್ರೀನಿವಾಸಪುರದ ಹತ್ತಿರ ನಮ್ಮ ಬಾದಾಮಿ ಮಾವಿನ ಗಿಡಗಳಿವೆ. ಎರಡೂವರೆ ಅಡಿಗೆ ಕುಡಿ ಕತ್ತರಿಸಿದ್ದೆವು, ಈಗ ಸುತ್ತಲೂ ಟಿಸಿಲು ಒಡೆದಿವೆ. ಒಂದೊಂದು ದಿಕ್ಕಿಗೆ ಒಂದರಂತೆ, ಒಂದೇ ಗಂಟಿನಿಂದ ಹೊರಡದೆ ಸ್ವಲ್ಪ ಮೇಲೆ ಕೆಳಗೆ ಇರುವ 3–4 ಉಳಿಸಿ ಮಿಕ್ಕಿದ್ದನ್ನು ತೆಗೆಯಬೇಕು. ಹೀಗೆ ಉಳಿಸುವ ಕೊಂಬೆಗೆ ಇಂಗ್ಲಿಷಿನಲ್ಲಿ ಸ್ಕ್ಯಾಫೋಲ್ಡ್ ಬ್ರಾಂಚ್ ಅನ್ನುತ್ತಾರೆ. ಸ್ಕ್ಯಾಫೋಲ್ಡ್ ಅಂದರೆ ಗಾರೆ ಕೆಲಸದವರು ನಿಲ್ಲಲು ಕಟ್ಟುವ ಅಟ್ಟಣೆ. ಅಕ್ಕಪಕ್ಕದ ರೈತರಿಗೆ ಕೊಡಲು ಇದರ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ.

ಮೊದಲು ‘ಅಟ್ಟಣೆ ಕೊಂಬೆ’ ಎಂದು ಬರೆದೆ. ಪಕ್ಕದ ತೋಟದ ಹಿರಿಯರು ಓದಿ, “ಇಷ್ಟುದ್ದದ ಗಿಡದ ಮೇಲೆ ಅಟ್ಟಣೆ ಹೆಂಗೆ ಕಟ್ತೀಯಪ್ಪ?” ಎಂದರು. ಅವರಿಗೆ ಅಟ್ಟಣೆ ಅಂದರೆ ಕಾವಲಿಗೆ ಕೂರುವ ಜಾಗ. ಸರಿ, ‘ಸಾರುವೆ’ ಅನ್ನೋಣವೆಂದರೆ, ಗಾರೆ ಕೆಲಸ ಮುಗಿದ ಮೇಲೆ ಸಾರುವೆ ಬಿಚ್ಚಿಬಿಡುತ್ತಾರೆ. ಈ ಕೊಂಬೆಗಳು ಮರ ಇರುವಷ್ಟು ದಿನ ಕಾಯಿಯ ಭಾರ ಹೊರಬೇಕು, ಅಲ್ವಾ?

ನಮ್ಮ ಹಳೆಯ ಮರವೊಂದು ಕಾಯಿ ತುಂಬಿದಾಗ ಕವಲಿನಲ್ಲೇ ಸೀಳಿತು. ನೋಡಿದರೆ ಎರಡು ಕೊಂಬೆ ತೀರಾ ಇಕ್ಕಟ್ಟಾಗಿ ಬೆಳೆದು, ನಡುವೆ ತೊಗಟೆ ಒಳಕ್ಕೆ ಮಡಚಿಕೊಂಡಿತ್ತು. ಎರಡರ ಒಳಗಿನ ಕಟ್ಟಿಗೆ ಒಂದಕ್ಕೊಂದು ಕೂಡಿಕೊಂಡೇ ಇರಲಿಲ್ಲ. ಎಳೆಯದರಲ್ಲೇ ಅಗಲವಾಗಿ ಬಾಗಿದ ಕೊಂಬೆ ಆರಿಸಿದ್ದರೆ ಉಳಿಯುತ್ತಿತ್ತು. ಆದ್ದರಿಂದ ಪದದಲ್ಲೇ ‘ಹೊರುವುದು’ ಕಾಣಬೇಕು ಅನ್ನುವುದು ನನ್ನ ಆಸೆ.

ಹೆಮ್ಮರ, ಹೆದ್ದಾರಿಯ ಹಾಗೆ ‘ಹೆಗ್ಗೊಂಬೆ’ ಮಾಡಬಹುದು. ಆದರೆ ಆರಿಸುವಾಗ ಅದು ಪೆನ್ಸಿಲ್ ದಪ್ಪ ಇರುತ್ತದೆ. ಜೊತೆಗೆ ಕಿವಿಗೆ ‘ಗೊಂಬೆ’ ಎಂದೇ ಕೇಳುತ್ತದೆ. ಅದೇ ಹಿರಿಯರು ಮಾತಿನ ನಡುವೆ ಸುಮ್ನೆ ‘ತಾಯಿ ಕೊಂಬೆ’ ಎಂದರು. ತಾಯಿ ಬೇರು ಎಲ್ಲರಿಗೂ ಗೊತ್ತು, ಹಾಗಾಗಿ ಇದು ತಟ್ಟನೆ ಅರ್ಥವಾಗುತ್ತದೆ. ತೊಡಕು ಒಂದೇ: ಕಸಿ ಮಾಡುವವರು ಕಡ್ಡಿ ಕೊಡುವ ಮರವನ್ನು ತಾಯಿ ಮರ ಅನ್ನುತ್ತಾರೆ. ಇನ್ನೊಂದು ‘ತೊಲೆಕೊಂಬೆ’. ಬೊಡ್ಡೆ ಕಂಬ, ಇವು ತೊಲೆ, ಮೇಲಿನ ರೆಂಬೆಗಳು ಜಂತೆ. ನನ್ನ ಮನಸ್ಸು ಇದರ ಕಡೆಗೇ ಜಾಸ್ತಿ ವಾಲುತ್ತಿದೆ. ಸಂಧಿ ಮಾಡಿದರೆ ಮತ್ತೆ ಗೊಂಬೆ ಬರುತ್ತದೆ, ಅದಕ್ಕೇ ಸಂಧಿ ಮಾಡದೆ ‘ಕೊಂಬೆ’ಯನ್ನು ಹಾಗೇ ಇಟ್ಟೆ. ತಪ್ಪೇ?

ಕರಾವಳಿಯಲ್ಲಿ ಗೆಲ್ಲು, ಉತ್ತರದಲ್ಲಿ ಟೊಂಗೆ ಅನ್ನುವವರ ಬಾಯಲ್ಲಿ ಬುಡದ ಈ ಮೂರು ನಾಲ್ಕಕ್ಕೆ ಬೇರೆ ಹೆಸರಿದೆಯೇ? ಎಳೆಯ ಗಿಡಕ್ಕೆ ಆಕಾರ ಕೊಡುವ ಕೆಲಸಕ್ಕೂ ಒಂದು ಮಾತು ಬೇಕು. ವಿಜಯಪುರದ ದ್ರಾಕ್ಷಿಯವರ ‘ಚಾಟನಿ’ ಬೆಳೆಗಾಗಿ ಸವರುವುದು, ಅದು ಬೇರೆ. ನಾನು ‘ಗಿಡ ತಿದ್ದುವುದು’ ಎಂದು ಬರೆದಿದ್ದೇನೆ. ನಿಮ್ಮೂರಲ್ಲಿ ಏನಂತಾರೆ?